ಮೂವತ್ತೊಂದನೇ ಮನೆ

ನಾಲ್ಕು ಪಾತ್ರೆ ಇದ್ದ ಕಡೆ ಸದ್ದು ಆಗಿಯೇ ಆಗುತ್ತದೆ ಎನ್ನುವುದು ಆ ಮನೆಯ ಅತ್ತೆಯ ವೇದವಾಕ್ಯ. ಪಾತ್ರೆಯ ಸದ್ದಿಗೂ ಬೆನ್ನಿನ ಸದ್ದಿಗೂ ವ್ಯತ್ಯಾಸ ಗೊತ್ತಿಲ್ಲದವಳೇನೂ ಅಲ್ಲ ಆಕೆ. ಗೊತ್ತಿದ್ದೇ ಹಾಗೆ ಹೇಳುತ್ತಿದ್ದಳು. ಆದರೆ ಆ ಮನೆಯ ಹಿರಿಯ ಸೊಸೆಗೆ ನಿಜವಾಗಿಯೂ ಗೊತ್ತಿರಲಿಲ್ಲ ನೋಡಿ, ಅದೇ ಈ ಕಥೆ. ಅವಳಾದರೋ ಹೊಡೆತಗಳನ್ನು ಎಣಿಸುವುದನ್ನೇ ಕಸುಬು ಮಾಡಿಕೊಂಡವಳು.

ಹಿರಿಯ ಸೊಸೆ ಮನಶ್ಶಾಸ್ತ್ರ ಓದಿದವಳು. ಗುಂಡು ಹಾರಿಸುವ, ತಲೆ ಕಡಿಯುವ ಕಂಪ್ಯೂಟರ್ ಆಟಗಳಿಂದ ಸಂಸಾರಗಳಲ್ಲಿ ಏನೇನಾಗುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದಳು. ಅವಳ ಹೆಸರಿನ ಹಿಂದೆ ಡಾಕ್ಟರ್ ಎಂದು ಸೇರಿದ ದಿನ ಅತ್ತೆ, "ಜ್ವರಕ್ಕೆ ಒಂದು ಮಾತ್ರೆ ಕೊಡಕ್ಕೆ ಬರಲ್ಲ, ಇವಳೆಂಥಾ ಡಾಕ್ಟರಮ್ಮ!" ಎಂದು ನಕ್ಕಿದ್ದಳು. ಅಂದಿನಿಂದ ಮನೆಯವರಿಗೆ, ಬೀದಿಯವರಿಗೆ, ಹಾಲು ಹಾಕುವವನಿಗೂ ಅವಳು ಡಾಕ್ಟರಮ್ಮನೇ.

ಮನೆಗೆ ಎರಡು ಅಂತಸ್ತು. ಮೇಲೆ ಡಾಕ್ಟರಮ್ಮ ಮತ್ತು ಅವಳ ಗಂಡ, ಶಾಲೆಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಅವರಿಗೆ ಮಕ್ಕಳಿಲ್ಲ. ಕೆಳಗೆ ಅತ್ತೆ, ಮೈದುನ, ಮೈದುನನ ಹೆಂಡತಿ, ಅವರ ಹದಿನಾಲ್ಕು ವರ್ಷದ ಮಗಳು ಗುಬ್ಬಿ. ಮೈದುನನ ಹೆಂಡತಿಯನ್ನು ಅತ್ತೆ ಮದುವೆಯಾದ ದಿನದಿಂದ ಚಿಕ್ಕೋಳು ಎನ್ನುತ್ತಿದ್ದಳು, ಅದೇ ಉಳಿದುಹೋಯಿತು. ಅಡುಗೆಮನೆ ಒಂದೇ, ಕೆಳಗೆ. ಅಡುಗೆಯೂ ಒಬ್ಬಳದೇ, ಚಿಕ್ಕೋಳದು.

ಮೈದುನ ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡು ಅಳುವ ಹೆಂಗಸರನ್ನು, ಉಸಿರು ಕಟ್ಟುವ ಮುದುಕರನ್ನು ಬಾಗಿಲಿನ ಈಚೆಯಿಂದಲೇ ಮಾತಾಡಿಸಿ ನಗಿಸುವವನು. "ಅಜ್ಜಾ, ಕೂತ್ಕೊಳಿ, ಟಿಕೆಟ್ ಕೇಳಕ್ಕೆ ಯಾರೂ ಬರಲ್ಲ" ಅನ್ನುವವನು. ಇಂಥವನನ್ನು ಯಾರು ತಾನೇ ಮೆಚ್ಚುವುದಿಲ್ಲ? ಡಾಕ್ಟರಮ್ಮನೂ ಮೆಚ್ಚಿದ್ದಳು. ಒಮ್ಮೆ ಅವಳ ಪ್ರಯೋಗಕ್ಕೆ ಜನ ಸಾಲದೆ ಅವನನ್ನೂ ಕರೆದುಕೊಂಡು ಹೋಗಿದ್ದಳು. ಅರ್ಧ ಗಂಟೆ ಗುಂಡಿನ ಆಟ ಆಡಿಸಿ, ಆಮೇಲೆ ಪಕ್ಕದ ಕೋಣೆಯಲ್ಲಿರುವ, ಖಾರ ಆಗದ ಅಪರಿಚಿತನೊಬ್ಬನಿಗೆ ಎಷ್ಟು ಖಾರದ ಸಾಸ್ ಕುಡಿಸಬೇಕೆಂದು ಇವರೇ ಲೋಟಕ್ಕೆ ಸುರಿಯಬೇಕು. ಯಾರು ಎಷ್ಟು ಸುರಿಯುತ್ತಾರೋ ಅವರಲ್ಲಿ ಅಷ್ಟು ಸಿಟ್ಟು ಎಂದು ಲೆಕ್ಕ. ಕೆಲವರು ಅರ್ಧ ಲೋಟ ಸುರಿದರು. ಮೈದುನ ಒಂದು ಹನಿ ಹಾಕಿ ಬಾಟಲಿ ಮುಚ್ಚಿದ.

"ಪಾಪ ಅತ್ತಿಗೆ, ಯಾರ ಮಗನೋ ಏನೋ. ನಾವ್ಯಾಕೆ ಬಾಯಿ ಸುಡಿಸ್ಬೇಕು?"

ಇಡೀ ಗುಂಪಿನಲ್ಲಿ ಅವನೇ ಅತ್ಯಂತ ಸಾಧು ಎಂದು ಅವಳ ಪುಸ್ತಕದಲ್ಲಿ ದಾಖಲಾಯಿತು. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಅಷ್ಟೇ.

ಸಂಶೋಧನೆಯ ದೊಡ್ಡ ಭಾಗ ಮಾತ್ರ ಮನೆಮನೆಯ ಹಾಳೆಗಳದು. ನಲವತ್ತು ಮನೆಗಳು. ಪ್ರತಿ ಮನೆಗೂ ಒಂದು ನಂಬರು, ಪ್ರತಿ ಹೊಡೆತಕ್ಕೂ ಒಂದು ಹಾಳೆ, ವಾರಕ್ಕೊಂದು ಲಕೋಟೆ. ಯಾರು ಯಾರಿಗೆ ಹೊಡೆದರು, ಯಾವುದರಿಂದ, ಹೊಡೆಯುವ ಮುಂಚಿನ ಹತ್ತು ನಿಮಿಷದಲ್ಲಿ ಮನೆಯಲ್ಲಿ ಕಂಪ್ಯೂಟರ್ ಆಟ ಶುರುವಾಗಿತ್ತೇ, ಅದರ ಸೌಂಡು ಸೊನ್ನೆಯಿಂದ ಹತ್ತರ ತನಕ ಎಷ್ಟಿತ್ತು. ಕೊನೆಯಲ್ಲಿ, ಬೇರೇನಾದರೂ ಹೇಳುವುದಿದ್ದರೆ ಬರೆಯಲು, ಷರಾ ಎಂದು ಒಂದು ಖಾಲಿ ಜಾಗ. ಮನೆಯವರು ಭಯವಿಲ್ಲದೆ ನಿಜ ಬರೆಯಬೇಕು ಎಂದು, ಯಾವ ನಂಬರು ಯಾರ ಮನೆಯದು ಎಂಬುದು ಡಾಕ್ಟರಮ್ಮನಿಗೆ ಗೊತ್ತಿರಬಾರದು ಎನ್ನುವುದೇ ಕೆಲಸದ ನಿಯಮ. ಹಾಳೆ ಹಂಚಿ, ಮುಚ್ಚಿದ ಲಕೋಟೆಯಲ್ಲಿ ವಾಪಸು ತರುವ ಕೆಲಸವನ್ನು ಅವಳು ಚಿಕ್ಕೋಳಿಗೆ ಕೊಡಿಸಿದ್ದಳು. "ಮನೇಲೇ ಕೂತು ಕೂತು ತುಕ್ಕು ಹಿಡೀತೀಯ, ಬಾರೇ" ಎಂದು ಕರೆದಾಗ ಚಿಕ್ಕೋಳು ಹಿಗ್ಗಿಹೋಗಿದ್ದಳು.

ಆಫೀಸಿನಲ್ಲಿ ಲಕೋಟೆ ಒಡೆದು ಕಂಪ್ಯೂಟರಿಗೆ ತುಂಬುವವಳು ನಿವೃತ್ತಿಗೆ ಹತ್ತಿರವಾದ ಟೈಪಿಸ್ಟ್. ಮೊದಲ ವಾರವೇ ಅವಳು ಕೇಳಿದ್ದಳು.

"ಮೇಡಂ, ಷರಾನೂ ಟೈಪ್ ಮಾಡ್ಲಾ? ಕೆಲವರು ಉದ್ದುದ್ದ ಬರ್ದಿದ್ದಾರೆ."

"ಬೇಡ ಬಿಡಿ. ನಮಗೆ ಅಂಕಿ ಸಾಕು."

ಇಷ್ಟೇ ಮಾತು. ಇಂಥ ಸಣ್ಣ ಮಾತಿಗೆ ಎಷ್ಟು ದೊಡ್ಡ ದಂಡ ತೆರಬೇಕಾಗುತ್ತದೋ ಯಾರಿಗೆ ಗೊತ್ತಿರುತ್ತದೆ!

ಒಂಬತ್ತನೇ ವಾರದ ಭಾನುವಾರ, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೆಳಗೆ ಕೂತಿದ್ದರು. ಡಾಕ್ಟರಮ್ಮನಿಗೆ ತಟ್ಟೆ ಮುಟ್ಟಲೂ ಪುರುಸೊತ್ತಿಲ್ಲದಷ್ಟು ಖುಷಿ.

"ಮೂವತ್ತೊಂದನೇ ಮನೆ ಅಂತ ಒಂದಿದೆ ಕಣ್ರೀ. ಬಂಗಾರ! ಅಪ್ಪಟ ಬಂಗಾರದ ಮನೆ!"

"ಏನಂತೆ ಬಂಗಾರದ ಮನೇಲಿ?" ಮೈದುನ ಕೇಳಿದ.

"ಮೂವತ್ತೆಂಟು ಸಲ ಗಂಡ ಹೆಂಡ್ತಿಗೆ ಹೊಡೆದಿದಾನೆ. ಅದ್ರಲ್ಲಿ ಮೂವತ್ತಾರು ಸಲ, ಏಟು ಬೀಳೋ ಹತ್ತು ನಿಮಿಷದೊಳಗೆ ಆಟ ಶುರುವಾಗಿದೆ. ಸೌಂಡು ಪ್ರತಿ ಸಲ ಹತ್ತಕ್ಕೆ ಹತ್ತು. ಬೇರೆ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು. ಇಲ್ಲಿ ನೋಡಿ, ಆಟ ಹಾಕಿದ್ರು ಅಂದ್ರೆ ಏಟು ಬಿತ್ತು ಅಂತಲೇ ಅರ್ಥ. ಆ ಎರಡೇ ಎರಡು ಸಲ ಯಾಕೆ ಆಟ ಇರ್ಲಿಲ್ಲ ಅನ್ನೋದೇ ಅರ್ಥ ಆಗ್ತಿಲ್ಲ."

"ಅಯ್ಯೋ ಪಾಪ" ಎಂದ ಮೈದುನ. "ಎಂತೆಂಥಾ ಗಂಡಸ್ರಿರ್ತಾರಪ್ಪಾ!"

ಬಡಿಸುತ್ತಿದ್ದ ಚಿಕ್ಕೋಳ ಸೌಟು ತಟ್ಟೆಗೆ ತಗುಲಿ ಠಣ್ ಎಂದಿತು. ಅವನ ಅಂಗಿಯ ಮೇಲೆ ಎರಡು ಹನಿ ಬಿತ್ತು. ಅವನು ಹೆಂಡತಿಯನ್ನು ನೋಡಿ ನಕ್ಕ.

"ಕಣ್ಣು ಎಲ್ಲಿಟ್ಟಿದೀಯಾ ಮಹಾರಾಣಿ?"

ಎಲ್ಲರೂ ನಕ್ಕರು. ಗುಬ್ಬಿ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ಊಟ ಮುಗಿಸಿ ಡಾಕ್ಟರಮ್ಮ ಮೇಲೆ ಹೋಗಿ ಕಾಲು ಚಾಚಿದ್ದಳೋ ಇಲ್ಲವೋ, ಕೆಳಗೆ ಆಟ ಶುರುವಾಯಿತು. ನಡುಮನೆಯಲ್ಲಿ ಗುಬ್ಬಿಯ ಕಂಪ್ಯೂಟರಿಗೆ ಎರಡು ದೊಡ್ಡ ಸ್ಪೀಕರುಗಳಿದ್ದವು, ಅಪ್ಪನೇ ಪ್ರೀತಿಯಿಂದ ತಂದು ಕೂರಿಸಿದ್ದು. ಬಂದೂಕುಗಳು ಬೊಗಳಿದವು, ಯಾರೋ ಕಿರುಚಿದರು, ಗೋಡೆ ಬಿದ್ದಂತೆ ದಡ್ ದಡ್ ಎಂದಿತು. ಮಂಚದ ಕಾಲು ಅದುರುತ್ತಿತ್ತು.

"ಗುಬ್ಬೀ! ಸೌಂಡ್ ಕಮ್ಮಿ ಮಾಡೇ!" ಅವಳು ಮೆಟ್ಟಿಲ ಬಾಗಿಲಿನಿಂದ ಕೂಗಿದಳು.

ಕಮ್ಮಿಯಾಗಲಿಲ್ಲ. ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದಳು.

ಮುಂದಿನ ವಾರ ಪೇಪರಿನಲ್ಲಿ ಅವಳ ಫೋಟೋ ಬಂತು. "ಆಟದ ಸದ್ದು ಏರಿದಷ್ಟೂ ಮನೆಯಲ್ಲಿ ಏಟು ಏರುತ್ತದೆ" ಎಂದು ದಪ್ಪಕ್ಷರ. ಅತ್ತೆ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಸೊಸೆಯನ್ನು ಮೆಚ್ಚಿಕೊಂಡದ್ದು ಅದೇ ಮೊದಲು.

ಚಿಕ್ಕೋಳ ಕತ್ತಿನ ಬಳಿ ಹಳದಿ ತಿರುಗಿದ ಕಲೆ ಕಂಡದ್ದೂ ಆ ವಾರವೇ.

"ಏನೇ ಅದು?"

"ಕಪಾಟಿನ ಬಾಗಿಲು ತಾಗ್ತು ಅಕ್ಕ." ಸೆರಗನ್ನು ಕತ್ತಿಗೆ ಎಳೆದುಕೊಂಡು ಕೇಳಿದಳು, "ಅಕ್ಕ, ಆ ಹಾಳೆಗಳ್ನೆಲ್ಲಾ ನೀವು ಪೂರ್ತಿ ಓದ್ತೀರಾ?"

"ಓದದೆ ಮತ್ತೆ? ಒಂದೊಂದು ಅಂಕೀನೂ ನಂಗೆ ಬಾಯಿಪಾಠ."

"ಹೌದಾ" ಎಂದಳು ಚಿಕ್ಕೋಳು. ಪಾತ್ರೆ ತೊಳೆಯಲು ತಿರುಗಿದಳು.

ಆದದ್ದು ಬುಧವಾರ, ಸಂಜೆ ನಾಲ್ಕಕ್ಕೆ. ಮೇಷ್ಟ್ರು ಶಾಲೆಯಲ್ಲಿದ್ದರು. ಅತ್ತೆ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಒಳಗೆ ಮಲಗಿದ್ದಳು. ಡಾಕ್ಟರಮ್ಮ ಮೇಲೆ ಕೂತು ದೊಡ್ಡ ಸಭೆಯೊಂದಕ್ಕೆ ಭಾಷಣ ಸಿದ್ಧ ಮಾಡುತ್ತಿದ್ದಳು. ಕೆಳಗೆ ಆಟ ಹತ್ತಿಕೊಂಡಿತು. ಅವತ್ತಿನಷ್ಟು ಜೋರು ಎಂದೂ ಕೇಳಿರಲಿಲ್ಲ. ಮೇಜಿನ ಮೇಲಿನ ನೀರಿನ ಲೋಟ ಝಲ್ಲೆನ್ನುತ್ತಿತ್ತು. ಬಾಂಬು ಸಿಡಿದವು, ಒಂದು ಹೆಣ್ಣು ದನಿ ಚೀರಿತು, ಏನೋ ಎಳೆದಂತೆ ಕರಕರ ಎಂದಿತು. ಅವಳ ತಲೆ ಕೆಟ್ಟುಹೋಯಿತು.

"ಗುಬ್ಬೀ! ಸೌಂಡ್ ಕಮ್ಮಿ ಮಾಡೇ ಮಾರಾಯ್ತಿ, ಇಲ್ಲಿ ಮನುಷ್ಯರು ಕೆಲಸ ಮಾಡ್ತಿದ್ದೀವಿ!"

ಕಾಲು ಗಂಟೆಯ ಮೇಲೆ ಸದ್ದು ನಿಂತಿತು. ಅಬ್ಬ ಎಂದುಕೊಂಡು ಅವಳು ಟೀ ಮಾಡಿಕೊಳ್ಳಲು ಇಳಿದಳು.

ಚಿಕ್ಕೋಳು ಅಡುಗೆಮನೆಯ ನೆಲದಲ್ಲಿ ಸಿಲಿಂಡರಿಗೆ ಒರಗಿ ಕೂತಿದ್ದಳು. ಎಡಗೈ ಮೊಣಕೈಗೂ ಮಣಿಕಟ್ಟಿಗೂ ನಡುವೆ, ಕೀಲೇ ಇಲ್ಲದ ಜಾಗದಲ್ಲಿ ಬಾಗಿತ್ತು. ಬಲಗೈಯ ಬೆರಳುಗಳು ಊದಿ ನೀಲಿಯಾಗಿದ್ದವು. ಕೆಳತುಟಿ ಸೀಳಿ ರಕ್ತ ಗದ್ದಕ್ಕೆ ಇಳಿದಿತ್ತು, ಒಂದು ಹಲ್ಲು ನೆಲದ ಮೇಲಿತ್ತು. ಪಕ್ಕದಲ್ಲಿ ಲಿಫ್ಟಿನ ದೊಡ್ಡ ಸ್ಪ್ಯಾನರ್ ಬಿದ್ದಿತ್ತು. ಮೈದುನ ಸಿಂಕಿನ ಬಳಿ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ನಡುಮನೆಯಲ್ಲಿ ಗುಬ್ಬಿ ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಬೊಂಬೆಯ ಹಾಗೆ ಕೂತಿದ್ದಳು. ಪರದೆಯ ಮೇಲೆ ಅವಳ ಸಿಪಾಯಿ ಸತ್ತು ಬಿದ್ದಿದ್ದ, ಅವಳು ಒಂದು ಬಟನ್ನನ್ನೂ ಒತ್ತಿರಲಿಲ್ಲ.

"ಜಾರಿ ಬಿದ್ಲು ಅತ್ತಿಗೆ" ಎಂದ ಮೈದುನ.

ಆಸ್ಪತ್ರೆಯ ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಒಂದೇ ಮಾತಿನಲ್ಲಿ ಮುಗಿಸಿದರು. "ಬಿದ್ರೆ ಹೀಗೆ ಮುರಿಯಲ್ಲ. ತಲೆ ಕಾಪಾಡ್ಕೊಳ್ಳೋಕೆ ಕೈ ಎತ್ತಿದಾರೆ, ಕೈ ಮೇಲೆ ಏಟು ಬಿದ್ದಿದೆ. ಬಲಗೈ ಬೆರಳನ್ನ ಯಾರೋ ತುಳಿದಿದಾರೆ." ಪೊಲೀಸರಿಗೆ ಫೋನು ಹೋಯಿತು. ಮೈದುನ ಎರಡು ದಿನ ಒಳಗಿದ್ದು ಜಾಮೀನಿನ ಮೇಲೆ ಮನೆಗೆ ಬಂದ. ಚಿಕ್ಕೋಳು ಆಸ್ಪತ್ರೆಯಿಂದ ನೇರ ತನ್ನ ಅಕ್ಕನ ಮನೆಗೆ ಹೋದಳು, ಗುಬ್ಬಿಯನ್ನು ಅತ್ತೆ ಬಿಟ್ಟುಕೊಡಲಿಲ್ಲ. ಅಕ್ಕ ಟೈಲರ್, ಒಂಟಿ ಹೆಂಗಸು, ಬಾಯಿ ಜೋರು.

ಜಾಮೀನಿನ ಮೇಲೆ ಬಂದವನು ಈಗ ಬೇರೆ ರಾಗ ಹಾಡಿದ. "ಅದೇನಾಯ್ತೋ ಗೊತ್ತಿಲ್ಲಮ್ಮಾ. ಆ ಆಟದ ಸದ್ದು ಕೇಳ್ತಾ ಕೇಳ್ತಾ ತಲೇಲಿ ಏನೋ ಚಟ್ ಅಂತು. ಅತ್ತಿಗೆ ಪೇಪರಲ್ಲಿ ಹೇಳಿದ್ರಲ್ಲ, ಹಾಗೇ ಆಯ್ತು ನೋಡು."

ಅತ್ತೆ ಗಳಗಳ ಅತ್ತಳು. ಆಮೇಲೆ ನೇರ ನಡುಮನೆಗೆ ಹೋಗಿ ಗುಬ್ಬಿಯ ಜಡೆ ಹಿಡಿದು ಕೆನ್ನೆಗೆ ಪಟಪಟ ನಾಲ್ಕು ಬಾರಿಸಿದಳು.

"ನಿನ್ನಿಂದ ಕಣೇ ಶನಿ! ಆ ದರಿದ್ರ ಆಟ ಹಚ್ಚಿ ಹಚ್ಚಿ ನನ್ನ ಮಗನ ತಲೆ ಕೆಡಿಸ್ದೆ!"

ಹುಡುಗಿ ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಅಳಲಿಲ್ಲ. ಅಪ್ಪನನ್ನು ನೋಡಿದಳು. ಅಪ್ಪ ಫೋನು ನೋಡುತ್ತಿದ್ದ.

ಮನೆಯಲ್ಲಿ ಒಲೆ ಹಚ್ಚುವವರಿಲ್ಲದಂತಾಯಿತು. ಅತ್ತೆ ಅನ್ನವನ್ನು ಒಂದು ದಿನ ಸೀಯಿಸಿದರೆ ಮರುದಿನ ಅರೆಬೇಯಿಸಿದಳು. ಮೇಷ್ಟ್ರು ಮೊಟ್ಟೆ ಬೇಯಿಸುವುದನ್ನು ಕಲಿತು ಮೂರು ಹೊತ್ತೂ ಅದನ್ನೇ ಬೇಯಿಸಿದರು. ಬಟ್ಟೆ ರಾಶಿ ಬಿದ್ದಿತು. ಎರಡನೇ ವಾರ ಗಂಜಿ ಉಪ್ಪಾಯಿತೆಂದು ಮೈದುನ ಬಟ್ಟಲನ್ನು ಗೋಡೆಗೆ ಬೀಸಿದ. ಗಾಜಿನ ಚೂರೊಂದು ಅತ್ತೆಯ ಹಣೆಗೆ ಚುಚ್ಚಿ ರಕ್ತ ಬಂತು. ಆಕೆ ಸೆರಗಿನಿಂದ ಒತ್ತಿಕೊಂಡು, "ಕೈ ಜಾರ್ತು ಪಾಪ" ಎಂದಳು.

ಮೂರನೇ ವಾರ ವಕೀಲರು ಮನೆಗೇ ಬಂದರು. ಫ್ರಿಜ್ಜಿನ ಮೇಲಿನ ಪೇಪರ್ ತುಣುಕನ್ನು ಎರಡು ಸಲ ಓದಿ ಕಣ್ಣರಳಿಸಿದರು.

"ಮೇಡಂ, ಔಷಧಿ ಮನೇಲೇ ಇಟ್ಕೊಂಡು ಊರೆಲ್ಲಾ ಹುಡುಕ್ತಿದ್ದೀವಲ್ಲ! ನೀವೊಂದು ಕಾಗದ ಕೊಡಿ. ಆಟದ ಪ್ರಭಾವದಿಂದ ಹೀಗಾಯ್ತು, ಮನುಷ್ಯ ಸ್ವಭಾವತಃ ಒಳ್ಳೆಯವನು, ಆಟ ತೆಗೆದುಹಾಕಿದ್ರೆ ಸರಿಹೋಗ್ತಾನೆ, ಹೆಂಡತಿ ಧೈರ್ಯವಾಗಿ ಮನೆಗೆ ಬರಬಹುದು ಅಂತ. ಕೋರ್ಟು ನಿಮ್ಮ ಮಾತಿಗೆ ಬೆಲೆ ಕೊಡುತ್ತೆ. ರಾಜಿ ಮಾಡಿಸಿ ಹೆಂಡ್ತೀನ ವಾಪಸ್ ಕಳಿಸುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಅಲ್ಲೀ ತನಕ ಆ ಕಂಪ್ಯೂಟರ್ ಮುಟ್ಟಬೇಡಿ, ಅದು ಸಾಕ್ಷಿ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದಳು ಅತ್ತೆ. "ಬರ್ದು ಕೊಡಮ್ಮಾ. ನಿನ್ನ ಓದು ಒಂದು ದಿನಕ್ಕಾದ್ರೂ ಮನೆಗೆ ಆಗ್ಲಿ."

"ಒಂದು ಕಾಗದ ತಾನೇ?" ಎಂದರು ಮೇಷ್ಟ್ರು, ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ.

ಇಲ್ಲಿ ಡಾಕ್ಟರಮ್ಮನ ಮೇಲೆ ಸಿಟ್ಟಾಗುವ ಮುಂಚೆ ಒಂದು ಮಾತು ಕೇಳಿ. ಅವಳೇನೂ ಸುಳ್ಳು ಬರೆಯಲು ಕೂರಲಿಲ್ಲ. ನಿಜವೆಂದೇ ನಂಬಿ ಕೂತಳು. ಮೂವತ್ತೊಂದನೇ ಮನೆಯ ಮೂವತ್ತಾರು ಏಟುಗಳು ಅವಳ ಕೈಯಲ್ಲಿದ್ದವು. ಅಲ್ಲಿ ಆಗಿದ್ದು ಇಲ್ಲೂ ಆಗಿದೆ, ಆಟ ಬಂತು, ಏಟು ಬಂತು, ಆಟ ಹೋದರೆ ಏಟೂ ಹೋಗುತ್ತದೆ. ಒಂದು ಹನಿ ಸಾಸ್ ಹಾಕಿದ ಮನುಷ್ಯ ಇನ್ನು ಹೇಗೆ ಸ್ಪ್ಯಾನರ್ ಎತ್ತಿಯಾನು? ಕಾಗದ ಮುಗಿಸಿದಳು. ಸಹಿಯೊಂದು ಬಾಕಿ ಇಟ್ಟಳು, ಯಾಕೆಂದರೆ ಆ ಮನೆಯ ಹಾಳೆಗಳು ಮೂರು ವಾರದಿಂದ ಬಂದಿರಲಿಲ್ಲ, ಕೊನೆಯ ಅಂಕಿ ಸೇರಿಸಬೇಕಿತ್ತು.

ಚಿಕ್ಕೋಳನ್ನು ನೋಡಲು ಅವಳು ಕೊನೆಗೂ ಹೋದದ್ದು ಆ ಹಾಳೆಗಳಿಗಾಗಿ. ಹೇಳಲು ನನಗೇ ನಾಚಿಕೆಯಾಗುತ್ತದೆ, ಆದರೆ ಅದು ಹಾಗೆಯೇ.

ಟೈಲರ್ ಅಕ್ಕ ಬಾಗಿಲು ತೆರೆದು, ಒಳಗೆ ಬಾ ಎನ್ನದೆ ಮಿಷಿನ್ನಿನ ಮುಂದೆ ಹೋಗಿ ಕೂತಳು. ಚಿಕ್ಕೋಳು ಬ್ಯಾಂಡೇಜು ಸುತ್ತಿದ ಬಲಗೈಯಿಂದ ಕುರ್ಚಿ ಎಳೆದು ಕೊಟ್ಟಳು. ಎಡಗೈ ಪ್ಲಾಸ್ಟರಿನಲ್ಲಿ ಕತ್ತಿಗೆ ನೇತಾಡುತ್ತಿತ್ತು.

"ಹೇಗಿದೀಯೇ?"

"ಇದೀನಿ ಅಕ್ಕ. ಗುಬ್ಬಿ ಊಟ ಮಾಡ್ತಾಳಾ?"

"ಮಾಡ್ತಾಳೆ" ಎಂದಳು ಡಾಕ್ಟರಮ್ಮ. ನಿಜವಾಗಿ ಅವಳು ನೋಡಿರಲಿಲ್ಲ. "ಅಲ್ಲಾ, ಆ ಮೂವತ್ತೊಂದನೇ ಮನೆ ಹಾಳೆ ಬಂದಿಲ್ವಲ್ಲ. ಅವ್ರಿಗೆ ಒಂದು ಮಾತು ಹೇಳಿ ಕಳಿಸಕ್ಕಾಗುತ್ತಾ?"

ಹೊಲಿಗೆ ಮಿಷಿನ್ ನಿಂತಿತು.

"ಇನ್ಮೇಲೆ ಬರಲ್ಲ ಅಕ್ಕ" ಎಂದಳು ಚಿಕ್ಕೋಳು.

"ಯಾಕೆ?"

"ಬರೆಯೋ ಕೈ ತುಳಿದುಬಿಟ್ರಲ್ಲ."

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕೂತ ಕುರ್ಚಿಯ ಹಿಡಿ ಹಿಡಿದುಕೊಂಡಳು.

"ಮೂವತ್ತೊಂದನೇಯವ್ರು ಒಂದು ಹಾಳೇನೂ ಬರೆಯೋ ಮುಂಚೆನೇ ಮನೆ ಖಾಲಿ ಮಾಡಿದ್ರು. ಹಾಳೆ ಮಿಕ್ಕಿತ್ತು. ಯಾರ ಮನೆ ಅಂತ ಗೊತ್ತಾಗಲ್ಲ, ನಿಜ ಬರೀರಿ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ. ಬಾಯಲ್ಲಿ ಹೇಳಕ್ಕೆ ನಂಗೆ ಧೈರ್ಯ ಬರಲಿಲ್ಲ. ಷರಾದಲ್ಲಿ ಎಲ್ಲಾ ಬರ್ದೆ. ನೀವು ಓದ್ತೀರ, ಒಂದಿನ ಇಳಿದು ಬರ್ತೀರ ಅಂತ ಕಾದೆ." ಅವಳ ದನಿ ಅಲ್ಲಿಯ ತನಕ ಸರಿಯಿತ್ತು, ಈಗ ಒಡೆಯಿತು. "ಅವತ್ತು ಊಟಕ್ಕೆ ಕೂತು ಬಂಗಾರದ ಮನೆ ಅಂದ್ರಿ ನೋಡಿ ಅಕ್ಕ. ಸ್ಪ್ಯಾನರ್ ಏಟಿಗಿಂತ ಜೋರಾಗಿ ಬಿತ್ತು ಅದು."

"ಆಟ ಮಾಡಿದ್ದು ಅಂತಾರಂತಲ್ಲಾ!" ಟೈಲರ್ ಅಕ್ಕ ಕತ್ತರಿಯನ್ನು ಮೇಜಿಗೆ ಕುಕ್ಕಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ? ಮನೆಗೆ ಮಾರಿ ಊರಿಗೆ ಉಪಕಾರಿ ಆ ನನ್ನ ಮಗ. ಕಾಗದ ಬೇರೆ ಬರೀತೀಯಂತೆ, ಬರಿ. ಇವಳ ಹೆಣ ಹೊರಕ್ಕೂ ನೀನೇ ಬಾ."

ಡಾಕ್ಟರಮ್ಮ ಅಲ್ಲಿಂದ ನೇರ ಆಫೀಸಿಗೆ ಹೋದಳು. ಟೈಪಿಸ್ಟ್ ಮೂವತ್ತೊಂದರ ಕಟ್ಟು ತಂದುಕೊಟ್ಟು, ಅವಳ ಮುಖ ನೋಡಿ, ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಅಕ್ಷರ ನೋಡುತ್ತಲೇ ಗುರುತು ಸಿಕ್ಕಿತು. ಅದೇ ಕೈ ವಾರವಾರವೂ ಕಿರಾಣಿ ಚೀಟಿ ಬರೆದು ಅಡುಗೆಮನೆಯ ಗೋಡೆಗೆ ಸಿಕ್ಕಿಸುತ್ತಿತ್ತು.

"ಷರಾ: ಟವೆಲ್ ಒಣಗಿರಲಿಲ್ಲ ಎಂದು. ಮೊದಲು ಮಗಳಿಗೆ ಆಟ ಹಾಕು ಎಂದರು. ಸೌಂಡು ಹತ್ತಕ್ಕೆ ಇಡಿಸಿದರು. ಆಮೇಲೆ ಅಡುಗೆಮನೆಗೆ ಬಂದರು."

"ಷರಾ: ಆಟದ ಸದ್ದು ಬಂದರೆ ನನ್ನ ಕೈಕಾಲು ತಣ್ಣಗಾಗುತ್ತದೆ. ಈಗ ಬರುತ್ತಾರೆ ಎಂದು ಗೊತ್ತಾಗುತ್ತದೆ. ಅತ್ತೆ ಕಿಟಕಿ ಹಾಕಿಕೊಂಡರು."

"ಷರಾ: ಇವತ್ತು ಕರೆಂಟು ಇರಲಿಲ್ಲ. ಅದಕ್ಕೆ ಆಟ ಇಲ್ಲ. ಬಾಯಿಗೆ ಬಟ್ಟೆ ತುರುಕಿದರು."

"ಷರಾ: ಇವತ್ತೂ ಕರೆಂಟು ಇಲ್ಲ. ಅದೇ ಬಟ್ಟೆ."

ಆ ಎರಡೇ ಎರಡು ಸಲ ಯಾಕೆ ಆಟ ಇರಲಿಲ್ಲ ಎಂದು ಅವಳು ವಾರಗಟ್ಟಲೆ ತಲೆ ಕೆರೆದುಕೊಂಡಿದ್ದಳು. ಆಟದಿಂದ ಏಟು ಹುಟ್ಟಿರಲಿಲ್ಲ. ಏಟು ಕೊಡುವುದು ಮೊದಲೇ ತೀರ್ಮಾನವಾಗಿ, ಅದನ್ನು ಮುಚ್ಚಲು ಮೈದುನ ಆಟ ಹಾಕಿಸುತ್ತಿದ್ದ. ಕೊನೆಯ ಹಾಳೆ ಆ ಭಾನುವಾರದ್ದು.

"ಷರಾ: ಅಂಗಿಗೆ ಎರಡು ಹನಿ ಬಿದ್ದಿದ್ದಕ್ಕೆ. ಬೆಲ್ಟು. ನಾನು ಜೋರಾಗಿ ಕೂಗಿದೆ. ಮೇಲಿನಿಂದ ಸೌಂಡ್ ಕಮ್ಮಿ ಮಾಡೇ ಎಂದರು. ಮೇಲಿನವರಿಗೆ ಕೇಳಿಸಲಿಲ್ಲ."

ಡಾಕ್ಟರಮ್ಮ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ ಮನೆಗೆ ಬಂದವಳೇ ಗಂಡನನ್ನು ಕೇಳಿದಳು.

"ನಿಮಗೆ ಗೊತ್ತಿತ್ತಾ?"

ಮೇಷ್ಟ್ರು ಪರೀಕ್ಷೆಯ ಭೂಪಟಗಳನ್ನು ತಿದ್ದುತ್ತಿದ್ದರು. ಕೆಂಪು ಪೆನ್ನು ಒಂದು ನದಿಯ ಮೇಲೆ ನಿಂತಿತು.

"ಒಂದೊಂದ್ಸಲ ಅನ್ನಿಸ್ತಿತ್ತು."

"ಅನ್ನಿಸ್ದಾಗ ಏನ್ಮಾಡ್ತಿದ್ರಿ?"

"ನೀನು ಆಟ ಅಂತಿದ್ದೆ. ಓದಿದವಳು ಹೇಳ್ತಾಳೆ ಅಂತ ಸುಮ್ನಿದ್ದೆ."

ಭಾನುವಾರ ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತರು. ಅತ್ತೆಯ ಮುದ್ದೆಯಾದ ಅನ್ನ, ಮೇಷ್ಟ್ರ ಮೊಟ್ಟೆ. ಮರುದಿನ ಕಾಗದ ಕೋರ್ಟಿಗೆ ಹೋಗಬೇಕು. ಡಾಕ್ಟರಮ್ಮ ಅದನ್ನು ಮೇಜಿನ ಮೇಲಿಟ್ಟು, ಎಲ್ಲರೂ ನೋಡುತ್ತಿರುವಂತೆ ನಾಲ್ಕು ಚೂರು ಮಾಡಿದಳು. ಅದರ ಜಾಗದಲ್ಲಿ ಹಾಳೆಗಳ ಕಟ್ಟು ಇಟ್ಟಳು.

"ನಾಳೆ ಕೋರ್ಟಿಗೆ ಇದು ಹೋಗುತ್ತೆ. ಮೂವತ್ತೊಂದನೇ ಮನೆ. ಅಂದ್ರೆ ಈ ಮನೆ."

"ಏನಮ್ಮಾ ಇದು?" ಎಂದಳು ಅತ್ತೆ.

"ನಿಮ್ಮದೂ ಇದೆ ಇದ್ರಲ್ಲಿ. ಕಿಟಕಿ ಹಾಕಿಕೊಂಡರು ಅಂತ, ಹದಿನೇಳು ಸಲ."

ಮೈದುನ ಒಂದು ಹಾಳೆ ಎಳೆದು ಓದಿದ. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಜೊತೆ ಮಾತಾಡುವಾಗಿನ ಅದೇ ನಗು ಅವನ ಮುಖದ ಮೇಲೆ ಬಂತು. ಹಾಳೆಯನ್ನು ನೀಟಾಗಿ ಮಡಿಸಿ ತಟ್ಟೆಯ ಕೆಳಗಿಟ್ಟ.

"ಗುಬ್ಬಿ" ಎಂದ. ದನಿ ಮೆತ್ತಗಿತ್ತು. "ಆಟ ಹಾಕಮ್ಮಾ."

ಅತ್ತೆ ಎದ್ದಳು. ಎಂಟು ಹತ್ತು ವರ್ಷದ ಅಭ್ಯಾಸ ನೋಡಿ, ಕಾಲು ತಾನಾಗಿಯೇ ಕಿಟಕಿಯ ಕಡೆ ಹೋಯಿತು.

"ಸೌಂಡು ಹತ್ತಕ್ಕಿಡು."

ಗುಬ್ಬಿ ನಡುಮನೆಗೆ ಹೋದಳು. ಕಂಪ್ಯೂಟರಿನ ಹಿಂದೆ ಬಗ್ಗಿದಳು. ಎರಡೂ ಸ್ಪೀಕರಿನ ವೈರುಗಳನ್ನು ಕಿತ್ತಳು, ಒಂದು ಸ್ಪೀಕರನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಅಪ್ಪಳಿಸಿದಳು, ಇನ್ನೊಂದನ್ನೂ. ಆಮೇಲೆ ಓಡಿಬಂದು ಅಜ್ಜಿಯನ್ನು ಪಕ್ಕಕ್ಕೆ ನೂಕಿ, ಮುಚ್ಚುತ್ತಿದ್ದ ಕಿಟಕಿಯ ಎರಡೂ ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದಳು.

"ಹೊಡೀರಿ ಅಪ್ಪಾ" ಎಂದಳು. "ಈಗ ಹೊಡೀರಿ!"

ಅವನು ಮಗಳ ಕಡೆ ನುಗ್ಗಿದ. ಡಾಕ್ಟರಮ್ಮ ಅಡ್ಡ ನಿಂತಳು. ಸ್ಟೀಲಿನ ಜಗ್ಗು ಅವಳ ದವಡೆಗೆ ಬಡಿಯಿತು. ಜೀವನದಲ್ಲಿ ಅವಳಿಗೆ ಯಾರೂ ಒಂದು ಏಟು ಹಾಕಿರಲಿಲ್ಲ. ನಲವತ್ತು ಮನೆಯ ಏಟುಗಳನ್ನು ಎಣಿಸಿದ್ದಳು, ಒಂದು ಏಟು ಹೇಗಿರುತ್ತದೆ ಎಂದು ಅವತ್ತು ತಿಳಿಯಿತು. ಕಣ್ಣು ಕತ್ತಲಿಟ್ಟಿತು, ಬಾಯೆಲ್ಲ ರಕ್ತ ತುಂಬಿತು. ಎರಡನೆಯದು ಕಿವಿಗೆ ಬಿತ್ತು. ಅವನು ಅವಳ ಕೂದಲು ಹಿಡಿದು ಮೇಜಿನ ಅಂಚಿಗೆ ತಲೆ ಕುಟ್ಟಿದ. ತಟ್ಟೆಗಳು ನೆಲಕ್ಕೆ ಉರುಳಿದವು. ಅವಳು ಕೂಗಿದಳು. ಗುಬ್ಬಿ ಕೂಗಿದಳು. ಬಂದೂಕಿಲ್ಲ, ಬಾಂಬಿಲ್ಲ, ಆ ಕೂಗು ಇದ್ದ ಹಾಗೇ ಕಿಟಕಿಯಿಂದ ಬೀದಿಗೆ ಹೋಯಿತು. ಮೇಷ್ಟ್ರು ಅಂತೂ ಇಂತೂ ಎದ್ದು ತಮ್ಮನನ್ನು ಹಿಂದಿನಿಂದ ತಬ್ಬಿ ಹಿಡಿದರು. ಮೊಣಕೈ ಬಡಿದು ಅವರ ಕನ್ನಡಕ ಪುಡಿಯಾಯಿತು, ಮೂಗಿನಿಂದ ರಕ್ತ ಸುರಿಯಿತು, ಆದರೂ ಹಿಡಿದ ಕೈ ಬಿಡಲಿಲ್ಲ.

ಎದುರುಮನೆಯವರು ಬಂದರು. ಪಕ್ಕದ ಕಟ್ಟಡದ ವಾಚ್‌ಮನ್ ಬಂದ. ಯಾವಾಗಲೂ ಇವನ ತಮಾಷೆಗೆ ಬಿದ್ದು ಬಿದ್ದು ನಗುತ್ತಿದ್ದ ಇಸ್ತ್ರಿ ಅಂಗಡಿಯವನು ಬಾಗಿಲಲ್ಲಿ ನಿಂತು, "ನೀವಾ ಅಣ್ಣಾ?" ಎಂದ. ಮೈದುನ ಅವನನ್ನು ನೋಡಿದ. ಜಗ್ಗು ಕೈಯಿಂದ ಬಿತ್ತು.

"ಏನಿಲ್ಲ, ಮನೆ ಮಾತು" ಎಂದಳು ಅತ್ತೆ. "ನಾಲ್ಕು ಪಾತ್ರೆ ಇದ್ದ ಕಡೆ..." ಮಾತು ಮುಗಿಸಲಿಲ್ಲ. ಬೀದಿಯ ಜನರೆಲ್ಲ ಅವಳನ್ನೇ ನೋಡುತ್ತಿದ್ದರು.

ಪೊಲೀಸರು ಅವನನ್ನು ಕರೆದುಕೊಂಡು ಹೋದ ಮೇಲೆ ಗುಬ್ಬಿ ಒದ್ದೆ ಬಟ್ಟೆ ತಂದು ದೊಡ್ಡಮ್ಮನ ದವಡೆಗೆ ಇಟ್ಟಳು. ಡಾಕ್ಟರಮ್ಮ ನೆಲದ ಮೇಲೆ ಚೆಲ್ಲಿದ ಹಾಳೆಗಳನ್ನು ಒಂದೊಂದಾಗಿ ಆರಿಸಿಕೊಂಡಳು. ಕಟ್ಟಿನ ಕೊನೆಯಲ್ಲಿ ಒಂದು ಖಾಲಿ ಹಾಳೆ ಇತ್ತು. ಪೆನ್ನು ಕೇಳಿದಳು. ಬರೆದಳು. ಮನೆ ನಂಬರು ಮೂವತ್ತೊಂದು. ಮಧ್ಯಾಹ್ನ ಒಂದು ಇಪ್ಪತ್ತು. ಸ್ಟೀಲಿನ ಜಗ್ಗು. ಆಟ: ಇಲ್ಲ. ಸೌಂಡು: ಸೊನ್ನೆ.

"ದೊಡ್ಡಮ್ಮಾ, ಷರಾ ಬಿಟ್ರಿ" ಎಂದಳು ಗುಬ್ಬಿ.

"ಬಿಡಲ್ಲ ಕಣೇ."

ಹಾಳೆಯ ಮೇಲೆ ಒಂದು ಹನಿ ರಕ್ತ ಬಿತ್ತು. ಅವಳು ಅದನ್ನು ಒರೆಸದೆ ಪಕ್ಕದಲ್ಲೇ ಬರೆದಳು.

"ಷರಾ: ಇವತ್ತು ಮೇಲಿನವರಿಗೂ ಕೇಳಿಸಿತು."